ಫ್ರಿಜ್ಜಿನ ಹಿಂಗೋಡೆಗೆ ಅಂಟಿದ ಡಬ್ಬಿ

ಹೆತ್ತವರು ಇಟ್ಟ ಹೆಸರು ಬೇರೆ. ಫ್ರಿಜ್ ರಿಪೇರಿ ಮಾಡುತ್ತ ಮಾಡುತ್ತ ಅವನಿಗೆ ತಂಪಣ್ಣ ಎಂಬ ಹೆಸರೇ ನಿಂತುಬಿಟ್ಟಿತು. ಆ ಬೀದಿಗಳಲ್ಲಿ ಯಾರ ಮನೆಯ ಫ್ರಿಜ್ ಕೆಟ್ಟರೂ ಮೊದಲು ಅವನಿಗೇ ಫೋನು. ಅವನ ಕೆಲಸದ ರೀತಿಯೂ ಒಂದು ನೋಟವೇ. ಕೆಲಸ ಮುಗಿದ ಮೇಲೆ ಬಲಗೈಯ ಹಿಂಬದಿಯನ್ನು ಫ್ರಿಜ್ಜಿನ ಒಳಗಿಟ್ಟು, ಕಣ್ಣು ಮುಚ್ಚಿ, ಯಾರೋ ಕಿವಿಯಲ್ಲಿ ಏನೋ ಹೇಳುತ್ತಿದ್ದಾರೆ ಎನ್ನುವಂತೆ ನಿಲ್ಲುತ್ತಿದ್ದ. ಆಮೇಲೆ "ಸರಿಯಾಯ್ತು" ಎಂದರೆ ಸರಿಯಾದ ಹಾಗೆಯೇ. ಹೆಂಡತಿ ತಂದುಕೊಟ್ಟ ಥರ್ಮಾಮೀಟರು ಕವರು ಸಹ ಬಿಚ್ಚದೆ ಸಾಮಾನಿನ ಪೆಟ್ಟಿಗೆಯ ತಳದಲ್ಲಿ ಬಿದ್ದಿತ್ತು.

"ಅಕ್ಕಿ ಬೆಂದಿದೆಯಾ ಅಂತ ನೋಡೋಕೆ ನೀನು ಮೀಟರ್ ಇಡ್ತೀಯಾ?" ಎಂದು ಅವಳನ್ನೇ ಕೇಳುತ್ತಿದ್ದ.

ಅವನ ಅಕ್ಕನ ಮನೆಯ ನಡುಮನೆಯಲ್ಲಿ ಗಾಜಿನ ಬಾಗಿಲಿನ ಒಂದು ಚಿಕ್ಕ ಫ್ರಿಜ್ ಇತ್ತು. ಮುಚ್ಚಿಹೋದ ಬೇಕರಿಯಿಂದ ತಂದು, ತಾನೇ ಸರಿಮಾಡಿ, ಭಾವನಿಗೆಂದು ಕೊಟ್ಟಿದ್ದ. ನಿವೃತ್ತರಾದ ಮೇಲೆ ಭಾವ ಹೊರಗೆ ಹೋಗುತ್ತಿದ್ದದ್ದು ಕಡಿಮೆ. ಗೆಳೆಯರೇ ಬಂದು ಕೂರುತ್ತಿದ್ದರು. ಬಂದವರಿಗೆ ಕುರ್ಚಿಯಲ್ಲಿ ಕುಳಿತಲ್ಲಿಂದಲೇ ಬಾಗಿಲು ತೆಗೆದು ಸೋಡಾ, ಹಣ್ಣಿನ ರಸ ಕೊಡುವುದೆಂದರೆ ಅವರಿಗೆ ಅರಮನೆ ಸಿಕ್ಕಷ್ಟು ಸಂತೋಷ. ತಮಗೆ ಮಾತ್ರ ಬರೀ ನೀರು. ಸಕ್ಕರೆ ಕಾಯಿಲೆ ಹಳೆಯದು. ಅಡುಗೆಮನೆಯ ಫ್ರಿಜ್ಜಿನಲ್ಲಿ ತರಕಾರಿ ತುಂಬಿ ತುಳುಕುತ್ತಿದ್ದರಿಂದ ತಮ್ಮ ಇನ್ಸುಲಿನ್ ಡಬ್ಬಿಯನ್ನೂ ಇದರಲ್ಲೇ, ಬಾಟಲಿಗಳ ಹಿಂದೆ ಇಟ್ಟುಕೊಂಡಿದ್ದರು.

ಸೆಕೆ ಏರಿದ ದಿನಗಳಲ್ಲಿ ಆ ಫ್ರಿಜ್ಜಿನ ಗಾಜು ಬೆವರತೊಡಗಿತು. ಒಳಗೆ ನೀರು ನಿಂತು ನೆಲಕ್ಕೆ ಇಳಿಯಿತು. ಬಾಟಲಿಗಳು ಕುಡಿಯಲು ಬೇಸರವಾಗುವಷ್ಟು ಬೆಚ್ಚಗಿದ್ದವು.

"ಊರವರ ಮನೆಯಲ್ಲೆಲ್ಲ ಹಿಮ ಸುರಿಸ್ತೀಯ, ನಿನ್ನ ಅಕ್ಕನ ಮನೇಲಿ ನಾನು ಬಟ್ಟೆ ಹಿಡ್ಕೊಂಡು ನೆಲ ಒರೆಸ್ತಾ ಇದೀನಿ," ಎಂದು ಅಕ್ಕ ಫೋನು ಮಾಡಿದಳು.

ತಂಪಣ್ಣ ಇನ್ನೊಂದು ಕೆಲಸದ ಮಧ್ಯೆಯೇ ಓಡಿ ಬಂದ. ಫ್ರಿಜ್ ಗೋಡೆಗೆ ಒತ್ತಿಕೊಂಡು ನಿಂತಿತ್ತು. ಗಾಳಿಯಾಡಲಿ ಎಂದು ಮುಂದಕ್ಕೆ ಎಳೆದ. ಬಾಗಿಲ ಸುತ್ತಲಿನ ರಬ್ಬರಿಗೆ ಚೆಲ್ಲಿದ ರಸ ಅಂಟಿ, ಬಾಗಿಲು ಪೂರ್ತಿ ಕೂರುತ್ತಿರಲಿಲ್ಲ. ಹೊರಗಿನ ಸೆಕೆ ಒಳಗೆ ನುಗ್ಗಿ ನೀರಾಗುತ್ತಿದ್ದುದು ಅಲ್ಲಿಂದಲೇ. ಸೋಪಿನ ಬೆಚ್ಚನೆಯ ನೀರಲ್ಲಿ ಒರೆಸಿದ. ಹಿಂಗೋಡೆಯ ಬುಡದಲ್ಲಿ ನೀರು ಹೊರಹೋಗುವ ತೂತು ಕಟ್ಟಿಕೊಂಡಿತ್ತು. ತಂತಿ ತೂರಿಸಿ ಬಿಡಿಸಿದ. ಅದಕ್ಕೆ ಜಾಗ ಸಾಲದೆ ಅದೇ ಹಿಂಗೋಡೆಗೆ ಸಿಕ್ಕಿಸಿದ್ದ ಸೆನ್ಸರನ್ನು ಕಿತ್ತು ಬಾಗಿಲ ಕಡೆಗೆ ಎಳೆದು ಬಿಟ್ಟ. ಒಳಗೆ ಎಷ್ಟು ತಂಪಾಗಿದೆ ಎಂದು ನೋಡಿ ಮೋಟಾರನ್ನು ನಿಲ್ಲಿಸುವುದು ಆ ಪುಟ್ಟ ಸೆನ್ಸರಿನ ಕೆಲಸ. ಮತ್ತೆ ಸಿಕ್ಕಿಸಬೇಕು ಎನ್ನುವಷ್ಟರಲ್ಲಿ ಫೋನು ಬಂತು. ಬಿಟ್ಟುಬಂದ ಗಿರಾಕಿ ಕೂಗಾಡುತ್ತಿದ್ದ. ತಂಪಣ್ಣ ಅವನನ್ನು ಸಮಾಧಾನ ಮಾಡುತ್ತಲೇ ಬಾಟಲಿ ಜೋಡಿಸಿದ, ಕೈಯ ಹಿಂಬದಿ ಒಳಗಿಟ್ಟ, "ಸರಿಯಾಯ್ತಕ್ಕಾ" ಎಂದು ಹೊರಟ.

ಸೆನ್ಸರು ಬಾಗಿಲ ಹತ್ತಿರ ನೇತಾಡುತ್ತಲೇ ಉಳಿಯಿತು.

ಅಲ್ಲಿನ ಗಾಳಿ ಯಾವಾಗಲೂ ತುಸು ಬೆಚ್ಚಗೆ. ಹಾಗಾಗಿ ಮೋಟಾರು ಬಿಡುವಿಲ್ಲದೆ ಓಡಿತು. ಸೋಡಾ ಹಲ್ಲು ಜುಮ್ಮೆನ್ನುವಷ್ಟು ತಣ್ಣಗಾಯಿತು. ಗಾಜು ಬೆವರಲಿಲ್ಲ, ನೆಲ ಒದ್ದೆಯಾಗಲಿಲ್ಲ. "ತಂಪಣ್ಣನ ಕೈ ಅಂದ್ರೆ ಕೈ" ಎಂದು ಬಂದವರೆಲ್ಲ ಹೊಗಳಿದರು. ತಂಪಣ್ಣನೂ ಒಂದು ಬಾಟಲಿ ಕುಡಿದು ಹಿಗ್ಗಿದ್ದ.

ಭಾವನ ಆರೋಗ್ಯ ಮಾತ್ರ ಇಳಿಯತೊಡಗಿತು. ಬಾಯಾರಿಕೆ, ಸುಸ್ತು, ತಲೆಸುತ್ತು. ರಕ್ತ ಪರೀಕ್ಷೆಯಲ್ಲಿ ಸಕ್ಕರೆ ಏರಿತ್ತು. ಡಾಕ್ಟರು ಮದ್ದು ಹೆಚ್ಚಿಸಿದರು, ಸಕ್ಕರೆ ಇನ್ನೂ ಏರಿತು. ಅಕ್ಕನಿಗೆ ಕಾರಣ ಹುಡುಕಲು ದೂರ ಹೋಗಬೇಕಿರಲಿಲ್ಲ. ಹಿಂದೊಮ್ಮೆ ಮಳೆಯಲ್ಲಿ ಭಾವ ಕೊಡೆ ಬಿಚ್ಚಿದಾಗ ಅದರೊಳಗಿಂದ ಬಿಸ್ಕತ್ತುಗಳು ಅವರ ತಲೆಯ ಮೇಲೇ ಉದುರಿದ್ದವು.

"ಈ ಸಲ ಎಲ್ಲಿ ಬಚ್ಚಿಟ್ಟಿದೀರಿ ಹೇಳಿಬಿಡಿ. ಕೊಡೆ ನೋಡಿದೆ, ಬೂಟೂ ನೋಡಿದೆ."

"ಇಲ್ಲ ಕಣೇ, ಬಾಯಿಗೂ ಹಾಕಿಲ್ಲ."

"ನಿಮ್ಮ ರಕ್ತ ಸುಳ್ಳು ಹೇಳುತ್ತಾ?"

ಸಕ್ಕರೆಯ ಡಬ್ಬಿ ಬೀರುವಿಗೆ ಹೋಯಿತು, ಬೀರುವಿಗೆ ಬೀಗ ಬಿತ್ತು. ಗೆಳೆಯರಿಗೆ ಅಕ್ಕನೇ ಬಾಗಿಲಲ್ಲಿ ನಿಂತು, "ಇವರಿಗೆ ಏನೂ ತರಬೇಡಿ, ಕದ್ದು ತಿಂತಾರೆ" ಎಂದಳು. ಆಮೇಲೆ ಭಾವ ವಾದ ಮಾಡುವುದನ್ನೇ ಬಿಟ್ಟರು. ತಟ್ಟೆಯಲ್ಲಿ ಬಡಿಸಿದ್ದರಲ್ಲೂ ಅರ್ಧ ಬಿಡುತ್ತಿದ್ದರು. ತಂಪಣ್ಣನೂ ಒಂದು ಸಂಜೆ ಅಕ್ಕನ ಪರವಾಗಿ, "ನಾಲಿಗೆ ಸ್ವಲ್ಪ ಬಿಗಿ ಹಿಡೀರಿ ಭಾವ" ಎಂದು ನಗುತ್ತ ಹೇಳಿ ಹೋಗಿದ್ದ.

ಕೊನೆಗೆ ಹಿಂದಿನ ಸಾಲಿನ ನೀರಿನ ಬಾಟಲಿಯೊಂದು ಹೆಪ್ಪುಗಟ್ಟಿ ಬಿರಿಯಿತು. ಅಕ್ಕ ಮತ್ತೆ ಫೋನು ಮಾಡಿದಳು.

ತಂಪಣ್ಣ ಬಾಟಲಿಗಳನ್ನೆಲ್ಲ ಹೊರಗೆ ತೆಗೆದ. ಹಿಂಗೋಡೆಯ ಮೇಲೆ ಬಿಳಿ ಹಿಮ ದಪ್ಪಗೆ ಕೂತಿತ್ತು. ಮುಂದೆ ನೇತಾಡುತ್ತಿದ್ದ ಸೆನ್ಸರು ಕಣ್ಣಿಗೆ ಬಿದ್ದೊಡನೆ ಅವತ್ತಿನ ಫೋನು ನೆನಪಾಯಿತು. ಇಷ್ಟೇನಾ ಎಂದುಕೊಂಡ. ಆಮೇಲೆ ಹಿಮಕ್ಕೆ ಅಂಟಿದ್ದ ಇನ್ಸುಲಿನ್ ಡಬ್ಬಿ ಕಂಡಿತು. ಎಳೆದರೆ ಕಾಗದದ ಒಂದು ಮಗ್ಗುಲು ಗೋಡೆಯಲ್ಲೇ ಉಳಿಯಿತು. ಒಳಗಿನ ಶೀಶೆ ಕಲ್ಲಿನಂತಾಗಿತ್ತು.

"ಭಾವ, ಇದನ್ನ ಚುಚ್ಚಿಕೊಳ್ಳೋವಾಗ ಹೇಗಿರುತ್ತೆ?"

"ತಣ್ಣಗಿದ್ರೆ ನೋವು ಅಂತ ಏಳ್ತಿದ್ದ ಹಾಗೇ, ಕನ್ನಡಕ ಕೂಡ ಹಾಕದೆ, ಶೀಶೆ ಮಾತ್ರ ಹೊರಗೆ ತೆಗೆದಿಡ್ತೀನಪ್ಪ. ಪೇಪರ್ ಓದಿ ಮುಗಿಸೋ ಹೊತ್ತಿಗೆ ಸರಿ ಇರುತ್ತೆ. ಯಾಕೆ?"

ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದರೂ ಕೆಲಸಕ್ಕೆ ಬಾರದೆಂದು ತಂಪಣ್ಣನಿಗೆ ಗೊತ್ತಿತ್ತು. ಔಷಧಿ ಅಂಗಡಿಗಳ ಫ್ರಿಜ್ ಅವನೇ ನೋಡಿಕೊಳ್ಳುತ್ತಿದ್ದ. ಅಂದರೆ ಭಾವ ಇಷ್ಟು ದಿನವೂ ಬರೀ ನೀರನ್ನು ಚುಚ್ಚಿಕೊಂಡ ಹಾಗೆಯೇ. ಕುರ್ಚಿಯತ್ತ ನೋಡಿದ. ಸೊರಗಿದ ಭಾವನ ಅಂಗಿಯ ಕಾಲರು ಕತ್ತಿನಿಂದ ದೂರ ನಿಂತಿತ್ತು.

ಅಡುಗೆಮನೆಯಿಂದ ಅಕ್ಕ ಕೂಗಿದಳು: "ಏನಾಗಿತ್ತೋ?"

ಸೆನ್ಸರನ್ನು ಸಿಕ್ಕಿಸಿದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅವನ ಬಾಯಿ ಅವನಿಗಿಂತ ಮೊದಲು ಓಡಿತು. "ಏನಿಲ್ಲಕ್ಕಾ. ಈ ಇನ್ಸುಲಿನ್ ಡೇಟ್ ಮುಗಿದಿದೆ, ಬೇರೆ ತರಿಸು."

"ಮುಗಿದಿಲ್ಲಪ್ಪ," ಎಂದರು ಭಾವ ಮೆಲ್ಲಗೆ. "ನಾನು ನೋಡೇ ತಂದಿದ್ದು." ಅಷ್ಟು ಹೇಳಿ, ಇದಕ್ಕೂ ಬೈಗುಳ ಬಂದೀತೆಂಬಂತೆ ಅಡುಗೆಮನೆಯ ಬಾಗಿಲ ಕಡೆ ನೋಡಿದರು.

ಆ ನೋಟವನ್ನು ತಂಪಣ್ಣ ತಡೆಯಲಾರದೆ ಹೋದ. ದೇವರ ಮುಂದೆ ತಪ್ಪೊಪ್ಪಿಕೊಳ್ಳುವುದು ಅಷ್ಟು ಕಷ್ಟವಲ್ಲ, ಆತನಿಗೆ ಮೊದಲೇ ಗೊತ್ತಿರುತ್ತದೆ. ಅಕ್ಕನಿಗೆ ಗೊತ್ತಿರಲಿಲ್ಲ. ಅವಳು ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಾಗ ಅವನು ನೆಲದ ಮೇಲೆ ಕುಳಿತೇ ಇದ್ದ.

"ಅಕ್ಕಾ, ಡೇಟ್ ಅಲ್ಲ. ತಪ್ಪು ನಂದು." ನೇತಾಡುವ ಸೆನ್ಸರು, ಹಿಮ, ಹೆಪ್ಪುಗಟ್ಟಿದ ಮದ್ದು, ಎಲ್ಲವನ್ನೂ ತೋರಿಸುತ್ತ ಹೇಳಿದ. "ಭಾವ ಏನೂ ತಿಂದಿಲ್ಲ. ಅವತ್ತು ಅರ್ಧ ಕೆಲಸ ಮಾಡಿ ಪೂರ್ತಿ ಆಯ್ತು ಅಂದವನು ನಾನು."

ಅಕ್ಕ ಬೈಯುತ್ತಾಳೆಂದು ಕಾದ. ಮಾತಾಡಿದವರು ಭಾವ.

"ಹಾಗಾದ್ರೆ ನಾನು ತಿಂದಿಲ್ಲ, ಅಲ್ವಾ?"

ತಂಪಣ್ಣ ತಲೆಯೆತ್ತಿ ನೋಡಿದ.

"ಎಲ್ಲರೂ ಹೇಳಿದ್ರಲ್ಲ. ನನಗೇ ಅನುಮಾನ ಬಂದಿತ್ತು. ಮರೆವಲ್ಲಿ ತಿಂತಾ ಇದೀನೇನೋ, ತಲೆ ಕೆಡ್ತಾ ಇದೆಯೇನೋ ಅಂತ," ಎಂದು ಭಾವ ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸತೊಡಗಿದರು. ಒರೆಸುತ್ತಲೇ ಇದ್ದರು.

ಅಕ್ಕ ಬೀರುವಿನ ಕೀಲಿಯನ್ನು ಗೊಂಚಲಿನಿಂದ ಬಿಡಿಸಿ ಅವರ ಮಡಿಲಿಗೆ ಹಾಕಿದಳು. "ರೀ..." ಎಂದಳು. ಚಪ್ಪಲಿ ಮೆಟ್ಟಿ, "ನಡಿಯೋ, ಡಾಕ್ಟರ ಹತ್ರ ಹೋಗೋಣ. ಇದನ್ನೆಲ್ಲ ನೀನೇ ಹೇಳ್ಬೇಕು," ಎಂದಳು.

ಡಾಕ್ಟರ ಮುಂದೆಯೂ ಅವನೇ ಹೇಳಿದ. ಹೊಸ ಇನ್ಸುಲಿನ್ ಬಂತು. ಅಡುಗೆಮನೆಯ ಫ್ರಿಜ್ಜಿನಲ್ಲಿ ತರಕಾರಿ ಸರಿದು ಅದಕ್ಕೆ ಜಾಗವಾಯಿತು. ನಿಧಾನಕ್ಕೆ ಭಾವನ ಮುಖಕ್ಕೆ ಗೆಲುವೂ ಬಂತು. ಅವರು ಮೊದಲಿನಂತೆಯೇ, "ಏನಪ್ಪಾ, ಸೋಡಾ ಕುಡೀತೀಯಾ?" ಎನ್ನುತ್ತಾರೆ. ಆ ತಪ್ಪನ್ನು ಒಮ್ಮೆಯೂ ಎತ್ತಿ ಆಡಿಲ್ಲ. ತಂಪಣ್ಣನಿಗೆ ಅದೇ ಹೆಚ್ಚು ಚುಚ್ಚುತ್ತದೆ.

ಈಗ ಅವನ ಕೆಲಸ ನಿಧಾನ. ಥರ್ಮಾಮೀಟರನ್ನು ನೀರಿನ ಲೋಟದಲ್ಲಿ ಮುಳುಗಿಸಿ ಫ್ರಿಜ್ಜಿನೊಳಗಿಟ್ಟು, ಅದರ ಅಂಕಿ ಒಂದು ಕಡೆ ನಿಲ್ಲುವವರೆಗೆ ಎದುರಿಗೇ ಕಾದು ಕೂರುತ್ತಾನೆ. ಒಳಗೆ ಮದ್ದೇನಾದರೂ ಇದೆಯೇ ಎಂದು ಕೇಳದೆ ಬಾಗಿಲು ಮುಚ್ಚುವುದಿಲ್ಲ. "ಎಷ್ಟು ಹೊತ್ತಪ್ಪಾ" ಎಂದು ಗಿರಾಕಿಗಳು ಗೊಣಗುತ್ತಾರೆ. ಹಳಬರು ಯಾರಾದರೂ, "ನಿನ್ನ ಕೈಗುಣ ಇರೋವಾಗ ಆ ಮೀಟರ್ ಯಾಕೋ?" ಎಂದರೆ ಬಲಗೈಯನ್ನು ಜೇಬಿಗೆ ಇಳಿಬಿಡುತ್ತಾನೆ.