ಹಾಲುಹಲ್ಲು ಬೀಳುವ ಮುಂಚೆ

ಮೈದಾನ ಇನ್ನೂ ಕಾಣುತ್ತಿಲ್ಲ. ಮಂಜು ಅದರ ಮೇಲೆ ಮೈಚೆಲ್ಲಿ ಮಲಗಿದೆ, ಏಳುವ ಮನಸ್ಸಿಲ್ಲ. ಈಚೆಯ ಗೋಲು ಕಂಬ ಅರ್ಧ ಕರಗಿದೆ, ಆಚೆಯದು ಪೂರ್ತಿ. ಕೇಳಿಸುವುದು ಒಂದೇ ಸದ್ದು: ಸರ್, ಸರ್, ಸರ್. ಸಿಮೆಂಟಿನ ಮೆಟ್ಟಿಲುಗಳ ಮೇಲೆ ಕಡ್ಡಿ ಪೊರಕೆಯ ಸದ್ದು. ಅದರ ಜಾಡು ಹಿಡಿದು ಹೋದರೆ ಮೊದಲು ಕೆಂಪು ಶಾಲು, ಆಮೇಲೆ ಅದರೊಳಗೊಂದು ಗಿಡ್ಡ ಆಕೃತಿ, ಕೊನೆಗೊಂದು ಗದರಿಕೆ ಎದುರಾಗುತ್ತವೆ.

“ಅಲ್ಲೇ ನಿಲ್ಲೋ ಚೆಮಾ! ಗುಡಿಸಿದ ಕಡೆ ಕಾಲಿಡ್ಬೇಡ. ಪೇಪರಿಗೆ ಬರೆಯೋರಿಗೆ ಕಣ್ಣು ಕಾಣ್ಸಲ್ವಾ?”

ಇವರು ರೆಫೂಹಿಯೊ ಬಾಲ್ತಸಾರ್. ಆ ಹೆಸರು ಹಿಡಿದು ವಿಚಾರಿಸಿದರೆ ನಮ್ಮ ಸಾನ್ ಗಾಬಿನೊದಲ್ಲಿ ಯಾರೂ ದಾರಿ ತೋರಿಸುವುದಿಲ್ಲ. ದೊನ್ಯಾ ಕೂಕಾ ಅನ್ನಬೇಕು, ಹಿರಿಯ ಹೆಂಗಸರನ್ನು ನಾವು ದೊನ್ಯಾ ಎಂದೇ ಕರೆಯುವುದು. ಆಗ ಬೀದಿಯ ನಾಯಿಯೂ ಕರೆದುಕೊಂಡು ಹೋಗಿ ಬಿಡುತ್ತದೆ. ಪಚುಕಾ ನಗರದ ಮೇಲಿನ ಬೆಟ್ಟದಲ್ಲಿ, ಬೆಳ್ಳಿ ಗಣಿ ಮುಚ್ಚಿದ ಮೇಲೂ ಗಣಿಗಾರರೆಂದೇ ಹೇಳಿಕೊಳ್ಳುವ ಊರು ನಮ್ಮದು. ನಮ್ಮ ಫುಟ್‌ಬಾಲ್ ತಂಡದ ಹೆಸರೂ ಅದೇ, ಲೋಸ್ ಮಿನೆರೋಸ್. ಮೂರನೇ ದರ್ಜೆಯ ತಂಡ. ಗೆಲ್ಲುವುದು ಅಪರೂಪ. ಸೋತರೆ ಬೈಯುತ್ತೇವೆ, ಗೆದ್ದರೆ ನಂಬುವುದಿಲ್ಲ.

ಈ ತಂಡದ ಮೈದಾನವನ್ನು ಮೂವತ್ತು ವರ್ಷಗಳಿಂದ ಗುಡಿಸುತ್ತಿರುವವರು ದೊನ್ಯಾ ಕೂಕಾ. ಒಂದು ಪಂದ್ಯ ಮುಗಿದರೆ ಜನ ತಿಂದು ಉಗಿದ ಕುಂಬಳಬೀಜದ ಸಿಪ್ಪೆಯೇ ಏಳೆಂಟು ಮೂಟೆ ಆಗುತ್ತದೆ. ಆಟಗಾರರ ಅಂಗಿಗಳನ್ನು ಒಗೆಯುವ ಕೆಲಸವೂ ಬಹುಕಾಲ ಇವರದೇ ಆಗಿತ್ತು. ಬೆಟ್ಟದ ನೀರು ಎಂಥದೆಂದು ಅವರ ಬೆರಳ ಗಂಟುಗಳನ್ನು ನೋಡಿದರೆ ತಿಳಿಯುತ್ತದೆ. “ಹತ್ತನೇ ನಂಬರಿನವನ ಅಂಗಿ ಮಾತ್ರ ಒಗೆಯೋದೇ ಬೇಡ,” ಎನ್ನುತ್ತಾರೆ. “ಮೈ ಬಗ್ಗಿಸಿದ್ರೆ ತಾನೆ ಕೊಳೆ ಆಗೋದು?” ಗಂಡ ಗಣಿಯ ಧೂಳಿಗೆ ಎದೆಗೂಡನ್ನು ಕೊಟ್ಟು ಬೇಗ ಹೋದ. ಒಬ್ಬಳು ಮಗಳನ್ನು ಇದೇ ಪೊರಕೆ ಸಾಕಿತು.

ಆದರೆ ಊರು ಇವರನ್ನು ನೆನೆಯುವುದು ಪೊರಕೆಗಾಗಿ ಅಲ್ಲ.

ನಮ್ಮ ಮೈದಾನದಲ್ಲಿ ಪಂದ್ಯವಿರುವ ಪ್ರತಿ ಭಾನುವಾರ ದೊನ್ಯಾ ಕೂಕಾ ಗಣಿಗಾರರ ಬೀದಿಯ ನಾಲ್ಕೈದು ಚಿಕ್ಕ ಮಕ್ಕಳನ್ನು ಅವರ ಜೀವನದ ಮೊದಲ ಪಂದ್ಯಕ್ಕೆ ಕರೆತರುತ್ತಾರೆ. ಅಪ್ಪ ಅಮ್ಮ ಇದ್ದರೂ ಸರಿ, ಮೊದಲ ಸಲ ಕರೆತರಬೇಕಾದವರು ಇವರೇ. ಹಾಗಂತ ಯಾರೂ ಎಲ್ಲೂ ಬರೆದಿಲ್ಲ, ಆದರೂ ಅದೇ ನಿಯಮ. ಕೈಯಲ್ಲಿ ಗಂಟು ಹಾಕಿದ ಹಳೇ ಗಣಿಯ ಹಗ್ಗ, ಒಂದೊಂದು ಗಂಟಿಗೆ ಒಂದೊಂದು ಮಗು. ನಾನೂ ಒಂದು ಕಾಲದಲ್ಲಿ ಮೂರನೇ ಗಂಟು ಹಿಡಿದು ನಡೆದವನೇ. ದಾರಿಯುದ್ದಕ್ಕೂ ಉಚ್ಚೆ ಬರುತ್ತದೆಂದು ಗೋಳಾಡಿದ್ದೆನಂತೆ. ಇವತ್ತಿಗೂ ನಾಲ್ಕು ಜನರ ಎದುರಿಗೆ ಅದನ್ನು ಹೇಳದೆ ಅವರು ನನ್ನನ್ನು ಬಿಡುವುದಿಲ್ಲ.

ನಮ್ಮ ಮೈದಾನಕ್ಕೆ ಬಾಗಿಲೆಂದರೆ ಹಿಂದೆ ಅದಿರು ಸಾಗಿಸುತ್ತಿದ್ದ ಸುರಂಗ. ಬೆಟ್ಟದ ಹೊಟ್ಟೆಯಲ್ಲಿ ಬಾಗಿ ಬಾಗಿ ಹೋಗುತ್ತದೆ, ನಡುವೆ ಬೆಳಕಿಲ್ಲ. ಸುರಂಗದ ಬಾಯಲ್ಲಿ ದೊನ್ಯಾ ಕೂಕಾ ಹೇಳುತ್ತಾರೆ, “ಕಣ್ಣು ಮುಚ್ಚಿ.” ಮಕ್ಕಳು ಮುಚ್ಚುತ್ತಾರೆ. ಹಗ್ಗ ಮುಂದೆ ಸಾಗುತ್ತದೆ. ಮೊದಲು ತಣ್ಣನೆಯ ಕಲ್ಲಿನ ವಾಸನೆ. ಎಲ್ಲೋ ತೊಟ್ಟಿಕ್ಕುವ ನೀರು. ಆಮೇಲೆ ದೂರದಲ್ಲಿ ಜನರ ಗುಜುಗುಜು. ಆಮೇಲೆ ಕೆನ್ನೆಗೊಂದು ಗಾಳಿ, ಗಾಳಿಯಲ್ಲಿ ಹಸಿ ಹುಲ್ಲಿನ ಘಮ. ಆಗ ಅವರು ಹಗ್ಗ ಬಿಟ್ಟು ಮುಂದೆ ಹೋಗಿ, ಮೈದಾನಕ್ಕೆ ಬೆನ್ನು ಮಾಡಿ, ಮಕ್ಕಳ ಎದುರು ನಿಂತು ಮೆಲ್ಲಗೆ ಒಂದೇ ಮಾತು ಹೇಳುತ್ತಾರೆ.

“ಈಗ.”

ಕಲ್ಲು, ಧೂಳು, ಕಡಿದಾದ ಓಣಿ ಬಿಟ್ಟು ಬೇರೇನೂ ಕಾಣದ ಬೆಟ್ಟದ ಮಕ್ಕಳ ಕಣ್ಣೆದುರು ಅಷ್ಟು ದೊಡ್ಡ, ಅಷ್ಟು ಸಪಾಟಾದ ಹಸಿರು ಒಮ್ಮೆಲೇ ತೆರೆದುಕೊಳ್ಳುತ್ತದೆ. ಆ ಗಳಿಗೆ ಹೇಗಿತ್ತೆಂದು ಹೇಳಲು ನನಗೆ ಬರುವುದಿಲ್ಲ. ಆ ದಿನ ಯಾರು ಗೆದ್ದರೋ ನೆನಪಿಲ್ಲ. ಆ ಹಸಿರು ಮಾತ್ರ ಈಗಲೂ ನಿದ್ದೆಯಲ್ಲಿ ಬರುತ್ತದೆ, ಅದರ ಮೇಲೆ ಯಾರೂ ಆಡುತ್ತಿರುವುದಿಲ್ಲ.

“ನಮ್ಮಪ್ಪ ಹೊಸ ಹುಡುಗರನ್ನ ಗಣಿಗೆ ಇಳಿಸ್ತಿದ್ದದ್ದು ಹೀಗೇ,” ಎನ್ನುತ್ತಾರೆ ಕೂಕಾ. “ಕೆಳಗೆ ಹೋಗೋ ತನಕ ಕಣ್ಣು ಮುಚ್ಕೊಂಡಿರು ಅಂತಿದ್ರು. ತಾನಾಗೇ ಕಣ್ಣು ಮುಚ್ಕೊಂಡೋನು ಕತ್ತಲೆಗೆ ಹೆದರಲ್ಲ. ಅವರು ಕತ್ತಲೆ ತೋರಿಸೋಕೆ ಮಾಡ್ತಿದ್ರು, ನಾನು ಹುಲ್ಲು ತೋರಿಸೋಕೆ ಮಾಡ್ತೀನಿ. ಅಷ್ಟೇ ಕಣೋ.”

ಇದಕ್ಕೊಂದು ಗಡುವೂ ಉಂಟು. ಹಾಲುಹಲ್ಲು ಬೀಳುವ ಮುಂಚೆ ಈ ಹುಲ್ಲು ಕಂಡ ಮಗು ಲೋಕದ ಯಾವ ಮೂಲೆಗೆ ಹೋದರೂ ಸಾನ್ ಗಾಬಿನೊಗೆ ಮರಳಿ ಬರುತ್ತದೆ ಎನ್ನುವುದು ನಮ್ಮ ಊರಿನ ನಂಬಿಕೆ. ಮೊದಲ ಹಲ್ಲು ಬಿದ್ದ ಮೇಲೆ ಕಂಡರೆ ಅದು ಬರೀ ಆಟ ನೋಡಿದ ಲೆಕ್ಕ. ನಗಬೇಡಿ. ನಮ್ಮ ಪಾದ್ರಿಗಳೂ ಇದನ್ನು ಅಲ್ಲಗಳೆಯುವುದಿಲ್ಲ.

ಹಾಗಾಗಿಯೇ ಈ ಭಾನುವಾರ ದೊನ್ಯಾ ಕೂಕಾರ ಪೊರಕೆ ಎಂದಿಗಿಂತ ಬಿರುಸಾಗಿ ಓಡುತ್ತಿದೆ. ಅವರ ಸ್ವಂತ ಮೊಮ್ಮಗಳು, ಆರು ವರ್ಷದ ನಾಯೆಲಿ, ಇನ್ನೂ ಹುಲ್ಲು ಕಂಡಿಲ್ಲ. ಬೇಸಿಗೆ ಕಳೆದರೆ ಅವಳ ತಾಯಿ ಅವಳನ್ನು ಕೆರೆತಾರೊ ನಗರಕ್ಕೆ ಕರೆದೊಯ್ಯುತ್ತಾಳೆ, ಅಲ್ಲಿನ ಹೊಲಿಗೆ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದೆ. ಇತ್ತ ಗುರುವಾರದಿಂದ ನಾಯೆಲಿಯ ಮುಂದಿನ ಹಲ್ಲು ಅಲ್ಲಾಡುತ್ತಿದೆ.

ತಪ್ಪು ಕೂಕಾರದೇ. ಹೋದ ವರ್ಷ ಗಣಿಗಾರರ ಹಬ್ಬದ ಭಾನುವಾರ ಅವಳನ್ನು ಕರೆತಂದಿದ್ದರು. ಹಬ್ಬದ ದಿನ ತಂಡ ಮೈದಾನಕ್ಕೆ ಇಳಿಯುವಾಗ ಪಟಾಕಿಯ ಬಾಣ ಸಿಡಿಸುವುದು ಇಡೀ ಊರಿಗೆ ಗೊತ್ತು. ಮೊಮ್ಮಗಳ ಸಂಭ್ರಮದಲ್ಲಿ ಅಜ್ಜಿಗೆ ಮರೆಯಿತು. ಅವರು “ಈಗ” ಅಂದದ್ದಕ್ಕೂ ಬಾಣಗಳು ಢಮ್ ಎಂದು ಸಿಡಿದದ್ದಕ್ಕೂ ಸರಿಹೋಯಿತು. ಮಗು ಕಣ್ಣು ಬಿಟ್ಟರೆ ಹುಲ್ಲಿಲ್ಲ, ಹೊಗೆ. ಅಜ್ಜಿಯ ಲಂಗದೊಳಗೆ ಮುಖ ಹುದುಗಿಸಿದವಳು ಮನೆ ತಲುಪುವ ತನಕ ಹೊರಗೆ ತೆಗೆಯಲಿಲ್ಲ. ಎರಡನೇ ಸಲ ಸುರಂಗದ ಬಾಯಿಯವರೆಗೆ ಬಂದು, ಅಲ್ಲಿ ಪಾಸ್ತೆ ಮಾರುವ ದೊನ್ಯಾ ಚೋಲೆಯ ಗಾಡಿಯ ಚಕ್ರವನ್ನು ತಬ್ಬಿಕೊಂಡು ಕೂತಳು.

ಚೋಲೆ ಕೂಕಾರ ಬಾಲ್ಯದ ಗೆಳತಿ. ಬಾಯಿ ಅವರ ಒಲೆಗಿಂತ ಬಿಸಿ. ಇವತ್ತು ಬೆಳಿಗ್ಗೆಯೂ ಕರ್ಜಿಕಾಯಿಯ ಹಾಗೆ ಅಂಚು ಮಡಿಚಿ ಆಲೂಗಡ್ಡೆ, ಮಾಂಸ ತುಂಬಿದ ಪಾಸ್ತೆಗಳನ್ನು ಜೋಡಿಸುತ್ತಲೇ ಚುಚ್ಚುತ್ತಾರೆ.

“ಊರ ಮಕ್ಕಳಿಗೆಲ್ಲ ಕಣ್ಣು ತೆರೆಸ್ದೆ, ನಿನ್ನ ಮೊಮ್ಮಗಳದ್ದು ಮುಚ್ಚಿಸ್ದೆ. ದೀಪದ ಬುಡದಲ್ಲೇ ಕತ್ತಲೆ ಅನ್ನೋದು ಸುಮ್ನೆ ಅಲ್ಲ ಕಣೆ.”

“ನಿನ್ನ ಪಾಸ್ತೆಗಿಂತ ನಿನ್ನ ನಾಲಿಗೆಗೇ ಖಾರ ಜಾಸ್ತಿ ಹಾಕಿದಾನೆ ದೇವರು,” ಎನ್ನುತ್ತಾರೆ ಕೂಕಾ. ಆಮೇಲೆ ದನಿ ತಗ್ಗಿಸಿ, “ಅವಳಿಗೆ ಗಟ್ಟಿ ತಿಂಡಿ ಕೊಡ್ಬೇಡ ಚೋಲೆ. ಹಲ್ಲು.”

“ಗೊತ್ತು ಮಾರಾಯ್ತಿ. ಆತೋಲೆ ಕಾಸಿದೀನಿ. ಮೆಕ್ಕೆಜೋಳದ ಗಂಜಿ ಕುಡಿದ್ರೆ ಯಾವ ಹಲ್ಲೂ ಬೀಳಲ್ಲ.”

ಇನ್ನೊಬ್ಬರ ಒಪ್ಪಿಗೆಯೂ ಬೇಕಿದೆ. ತಂಡದ ಡೋಲಿನ ಪಡೆಯ ಯಜಮಾನ ಕುಳ್ಳ ನಾಬೋರ್. ಅವನ ಡೋಲು ಒಮ್ಮೆ ಶುರುವಾದರೆ ಬೆಟ್ಟದಾಚೆಯ ಕೋಳಿಗಳು ಮೊಟ್ಟೆ ಇಡುವುದನ್ನು ಮರೆಯುತ್ತವೆ. ಕೂಕಾ ಅವನ ಬಳಿ ಹೋಗಿ, ತಾನು ಕೆಂಪು ಶಾಲು ಬೀಸುವ ತನಕ ಡೋಲು ಮುಟ್ಟಬಾರದು ಎನ್ನುತ್ತಾರೆ.

“ಡೋಲು ಸುಮ್ನಿದ್ರೆ ಎದುರು ತಂಡದೋರು ನಾವು ಸತ್ತೇ ಹೋದ್ವಿ ಅನ್ಕೋತಾರೆ ದೊನ್ಯಾ.”

“ಅನ್ಕೊಳ್ಳಲಿ ಬಿಡೋ. ನಿನ್ನನ್ನ ಕರ್ಕೊಂಡು ಬಂದಾಗ ನೀನು ಹೆದ್ರಿಕೊಂಡು ನನ್ನ ಕೈ ಕಚ್ಚಿದ್ದೆ, ಮರೆತ್ಯಾ? ಗುರುತು ಇನ್ನೂ ಇದೆ, ತೋರಿಸ್ಲಾ?”

ನಾಬೋರ್ ತಲೆ ಕೆರೆದುಕೊಂಡು ಕೋಲುಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಳ್ಳುತ್ತಾನೆ. ಮಧ್ಯಾಹ್ನ ಹನ್ನೆರಡಕ್ಕೆ ಪಂದ್ಯ. ಹನ್ನೊಂದೂವರೆಗೆ ಹಗ್ಗ ಬೀದಿಯಿಂದ ಹೊರಡುತ್ತದೆ. ಹಿಂದಿನ ಗಂಟುಗಳಲ್ಲಿ ನೆರೆಮನೆಯ ಮೂರು ಮಕ್ಕಳು, ಅಜ್ಜಿಯ ಕೈಗೆ ತೀರ ಹತ್ತಿರದ ಗಂಟಿನಲ್ಲಿ ನಾಯೆಲಿ. ಎರಡು ಜಡೆ, ಹಸಿರು ಸ್ವೆಟರು, ಕೈಯಿಂದ ಮುಚ್ಚಿಕೊಂಡ ಬಾಯಿ. ನಾನು ಹಿಂದಿನಿಂದ ನಡೆಯುತ್ತೇನೆ.

ಸುರಂಗದ ಬಾಯಲ್ಲಿ ಅವಳು ನಿಲ್ಲುತ್ತಾಳೆ. “ಅಜ್ಜಿ, ಢಮ್ ಅನ್ನತ್ತಾ?”

“ಇಲ್ಲ ನನ್ನ ಬಂಗಾರ. ಅಜ್ಜಿ ಎಲ್ಲರಿಗೂ ಹೇಳಿಟ್ಟಿದೀನಿ.”

“ದೇವರಿಗೂ?”

“ದೇವರಿಗೇ ಮೊದಲು. ಕಣ್ಣು ಮುಚ್ಚು.”

ಮುಚ್ಚುತ್ತಾಳೆ. ಕತ್ತಲು ನಮ್ಮನ್ನು ಒಳಗೆ ತೆಗೆದುಕೊಳ್ಳುತ್ತದೆ. ನಾನೂ ಕಣ್ಣು ಮುಚ್ಚಿಕೊಳ್ಳುತ್ತೇನೆ, ಯಾಕೆ ಸುಳ್ಳು ಹೇಳಲಿ. ಕಲ್ಲಿನ ವಾಸನೆ, ತೊಟ್ಟಿಕ್ಕುವ ನೀರು, ಪುಟ್ಟ ಚಪ್ಪಲಿಗಳ ಸದ್ದು. ನಾನೆಷ್ಟು ವರ್ಷದವನೆಂದು ಕೇಳಿದ್ದರೆ ಆಗ ಹೇಳಲಾಗುತ್ತಿರಲಿಲ್ಲ. ಕೆನ್ನೆಗೆ ಗಾಳಿ ತಾಗುತ್ತಿರುವಾಗಲೇ ಸಣ್ಣ ದನಿಯೊಂದು ಕೇಳಿಸುತ್ತದೆ.

“ಅಜ್ಜೀ… ಹಲ್ಲು ಬಿತ್ತು.”

ಹಗ್ಗ ನಿಲ್ಲುತ್ತದೆ. ಜಗತ್ತೇ ನಿಂತ ಹಾಗಾಗುತ್ತದೆ. ಬೆಳಕಿಗೆ ಇನ್ನು ನಾಲ್ಕು ಹೆಜ್ಜೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವಲ್ಲ ಎಂದು ನನಗೆ ಅಳುವೇ ಬರುತ್ತದೆ. ಕತ್ತಲಲ್ಲಿ ದೊನ್ಯಾ ಕೂಕಾ ಕೇಳುತ್ತಾರೆ, “ಎಲ್ಲಿದೆ?”

“ಬಾಯಲ್ಲಿ.”

“ಬಾಯಲ್ಲಿ ಇದೆ ಅಂದ್ಮೇಲೆ ಅದು ಬಿದ್ದಿಲ್ಲ!” ಅವರ ದನಿ ಸುರಂಗದ ಗೋಡೆಗಳಿಗೆ ಬಡಿದು ಮರಳುತ್ತದೆ. “ನೆಲಕ್ಕೆ ಬಿದ್ರೆ ತಾನೆ ಬಿತ್ತು ಅನ್ನೋದು? ಕೆನ್ನೆಯೊಳಗೆ ಒತ್ತಿ ಇಟ್ಕೋ. ಬಾಯಿ ಬಿಗಿ. ನುಂಗ್ಬೇಡ. ನಡಿ!”

ನಾಲ್ಕು ಹೆಜ್ಜೆ. ಅಜ್ಜಿ ಹಗ್ಗ ಬಿಟ್ಟು ಮುಂದೆ ಹೋಗಿ ತಿರುಗಿ ನಿಲ್ಲುತ್ತಾರೆ. ಜನ ತುಂಬಿದ್ದಾರೆ, ಆದರೂ ಸದ್ದಿಲ್ಲ. ನಾಬೋರ್ ಕೋಲುಗಳನ್ನು ಎದೆಗವುಚಿಕೊಂಡು ಇತ್ತಲೇ ನೋಡುತ್ತಿದ್ದಾನೆ. ಅವನ ಸುತ್ತಲಿನವರೂ ನೋಡುತ್ತಿದ್ದಾರೆ, ಅವರೆಲ್ಲ ಒಂದಲ್ಲ ಒಂದು ಗಂಟು ಹಿಡಿದು ಬಂದವರೇ. ಮಂಜು ಪೂರ್ತಿ ಎದ್ದಿಲ್ಲ, ಹುಲ್ಲಿನ ಮೇಲೆ ಮೊಣಕಾಲೆತ್ತರಕ್ಕೆ ಹರಿದಾಡುತ್ತಿದೆ. ಬಿಸಿಲು ಅದರೊಳಗೆ ಇಳಿದಿದೆ.

“ಈಗ.”

ಉಳಿದ ಮೂವರು ಥಟ್ಟನೆ ಕಣ್ಣು ಬಿಡುತ್ತಾರೆ. ನಾಯೆಲಿಯ ಒಂದು ಕಣ್ಣು ಒಂದಿಷ್ಟೇ ತೆರೆಯುತ್ತದೆ. ಆಮೇಲೆ ಇನ್ನೊಂದು. ಒಂದು ಕೆನ್ನೆ ಉಬ್ಬಿದೆ, ತುಟಿ ಬಿಗಿದಿದೆ, ಕಿರುಚುವ ದಾರಿಯೇ ಇಲ್ಲ. ಕಣ್ಣುಗಳು ಮಾತ್ರ ಅಗಲವಾಗುತ್ತವೆ, ಇನ್ನೂ ಅಗಲವಾಗುತ್ತವೆ. ಅವಳು ಮೂಗಿನಿಂದ ಒಂದು ದೀರ್ಘ ಉಸಿರು ಎಳೆದುಕೊಳ್ಳುತ್ತಾಳೆ. ದೊನ್ಯಾ ಕೂಕಾ ಶಾಲು ಬೀಸಲು ಮರೆತು ಹಾಗೇ ನಿಂತಿದ್ದಾರೆ, ಕೊನೆಗೆ ನಾನೇ ಅವರ ಕೈ ಎತ್ತಿಸಬೇಕಾಗುತ್ತದೆ. ಡೋಲು ಮೆಲ್ಲಗೆ ಶುರುವಾಗುತ್ತದೆ, ನಾಬೋರ್ ಜೀವನದಲ್ಲಿ ಅಷ್ಟು ಮೆಲ್ಲಗೆ ಬಾರಿಸಿದ್ದು ಅದೇ ಮೊದಲು.

ಇಡೀ ಮೊದಲರ್ಧ ಅವಳು ಬಾಯಿ ಬಿಡುವುದಿಲ್ಲ. ಆತೋಲೆ ಬೇಡ, ನೀರು ಬೇಡ. ಕೂಕಾ ಪ್ರತಿ ಸಲದಂತೆ ಒಂದು ಮೆಟ್ಟಿಲು ಕೆಳಗೆ, ಆಟಕ್ಕೆ ಬೆನ್ನು ಹಾಕಿ, ಮಕ್ಕಳ ಕಡೆ ತಿರುಗಿ ಕೂತಿದ್ದಾರೆ. ಮೂವತ್ತು ವರ್ಷ ಈ ಮೈದಾನದಲ್ಲಿ ಇದ್ದೂ ಅವರು ಒಂದು ಗೋಲನ್ನೂ ಕಣ್ಣಾರೆ ಕಂಡಿಲ್ಲವೆಂದು ನನಗೆ ಹೊಳೆದದ್ದು ಆಗಲೇ. ದ್ವಿತೀಯಾರ್ಧದಲ್ಲಿ ಚೆಂಡು ಎಡಗಡೆಯಿಂದ ಬರುತ್ತದೆ. ಮೈ ಬಗ್ಗಿಸದ ಆ ಹತ್ತನೇ ನಂಬರಿನವನು, ಏನು ಗ್ರಹಚಾರವೋ, ಮೈ ಬಗ್ಗಿಸಿ ತಲೆ ಕೊಡುತ್ತಾನೆ. ಬಲೆ ಅಲುಗುತ್ತದೆ.

“ಗೋಓಓಲ್!”

ನಾಯೆಲಿ ಎದ್ದು ನಿಂತಿದ್ದಾಳೆ, ಎರಡೂ ಕೈ ಮೇಲೆ, ಬಾಯಿ ಪೂರ್ತಿ ತೆರೆದಿದೆ. ಪುಟ್ಟದೊಂದು ಬಿಳಿ ಚೂರು ಬಿಸಿಲಲ್ಲಿ ಹಾರಿ, ಕೆಳಗಿನ ಮೆಟ್ಟಿಲುಗಳ ಸಿಪ್ಪೆಯ ರಾಶಿಯಲ್ಲಿ ಮಾಯವಾಗುತ್ತದೆ.

“ಗೋಲು ನೋಡಿದ್ರಾ ದೊನ್ಯಾ?” ಎಂದು ಗದ್ದಲದ ನಡುವೆ ಕೂಗಿ ಕೇಳುತ್ತೇನೆ.

“ನೋಡ್ದೆ ಕಣೋ,” ಎನ್ನುತ್ತಾರೆ ಮೊಮ್ಮಗಳ ಮುಖದಿಂದ ಕಣ್ಣು ಕೀಳದೆ. “ಮುಂದಿನ ಒಂದು ಹಲ್ಲಿಲ್ಲ ಅದಕ್ಕೆ.”

ಸೋಮವಾರದ ಮುಂಜಾವು. ಮತ್ತೆ ಮಂಜು, ಮತ್ತೆ ಸರ್, ಸರ್, ಸರ್. ತಂಡ ಕೊನೆಗೆ ಸೋತಿದೆ, ಅದನ್ನು ಇಲ್ಲಿ ಬರೆಯುವ ಅಗತ್ಯವೇ ಇರಲಿಲ್ಲ. ದಿಂಬಿನ ಕೆಳಗೆ ಹಲ್ಲಿಲ್ಲದಿದ್ದರೆ, ಬಿದ್ದ ಹಲ್ಲು ಒಯ್ದು ಕಾಸಿಟ್ಟು ಹೋಗುವ ಇಲಿರಾಯ ಹೇಗೆ ಬರುತ್ತಾನೆಂದು ನಾಯೆಲಿ ಅತ್ತಳಂತೆ. ಅವನೂ ಮಿನೆರೋಸ್ ಕಡೆಯವನೇ, ಸುರಂಗದಿಂದ ಬಂದು ಮೈದಾನದಲ್ಲೇ ಹುಡುಕಿಕೊಳ್ಳುತ್ತಾನೆ ಎಂದು ಅಜ್ಜಿ ಸಮಾಧಾನ ಮಾಡಿದರಂತೆ.

ನಾವು ಕೂತಿದ್ದ ಕಡೆ ಬರುತ್ತಲೇ ಪೊರಕೆ ನಿಧಾನವಾಗುತ್ತದೆ. ಕೂಕಾ ಬಗ್ಗಿ ಸಿಪ್ಪೆಗಳನ್ನು ಕೈಯಿಂದಲೇ ಒಂದೊಂದಾಗಿ ಆರಿಸುತ್ತಾರೆ. ಮೆಟ್ಟಿಲಿನ ಬಿರುಕೊಂದರ ಮುಂದೆ ಬೆರಳು ನಿಲ್ಲುತ್ತದೆ. ಸಿಕ್ಕಿತಾ ಎಂದು ಕೇಳುತ್ತೇನೆ. ಅವರು ಶಾಲಿನ ತುದಿಯಿಂದ ಆ ಬಿರುಕಿನ ಸುತ್ತ ಒರೆಸುತ್ತಾರೆ, ಒಳಗೆ ಕೈ ಹಾಕುವುದಿಲ್ಲ.

ನಿಮಗೊಂದು ಆಸೆ ಅಂತ ಇದ್ದರೆ ಹೇಳಿ ದೊನ್ಯಾ, ಪತ್ರಿಕೆಯಲ್ಲಿ ಹಾಕುತ್ತೇನೆ ಎನ್ನುತ್ತೇನೆ. ಅವರು ಸೊಂಟದ ಮೇಲೆ ಕೈಯಿಟ್ಟು ಬೆನ್ನು ನೆಟ್ಟಗೆ ಮಾಡುತ್ತಾರೆ. ಮಂಜಿನೊಳಗಿಂದ ಈಚೆಯ ಗೋಲು ಕಂಬ ಮೂಡಿ ಬರುತ್ತಿದೆ.

“ನನ್ನ ಕೈಲಾಗದ ಕಾಲಕ್ಕೆ ಇಲ್ಲಿಗೆ ಬೇರೆ ಯಾರಾದ್ರೂ ಗುಡಿಸೋಕೆ ಬರ್ತಾರಲ್ಲ, ಅವರಿಗೆ ಹೇಳು,” ಎನ್ನುತ್ತಾರೆ. “ಈ ಒಂದು ಮೆಟ್ಟಿಲನ್ನ ಜೋರಾಗಿ ಗುಡಿಸ್ಬೇಡಿ ಅಂತ. ನಮ್ಮ ಹುಡುಗಿ ವಾಪಸ್ ಬರೋಳಿದಾಳೆ.”