ಮಹಾದೇವಕ್ಕ ನೀರು ಕುಡಿದ ಮನೆ

ಹತ್ತಿಮತ್ತೂರಿನಲ್ಲಿ ಹೆಣ್ಣು ಕೊಡುವ ಮಾತು ಎದ್ದರೆ ಜನ ಪಂಚಾಂಗ ನೋಡಿಸಲು ಆಮೇಲೆ ಹೋಗುತ್ತಿದ್ದರು, ಮೊದಲು ಮಹಾದೇವಕ್ಕನ ಕಟ್ಟೆಗೆ ಬರುತ್ತಿದ್ದರು. 'ಯಕ್ಕಾ, ಒಂದೀಟು ಮನಿ ನೋಡಿ ಬರ್ರಿ' ಎಂದು ಕೇಳಿಕೊಳ್ಳುತ್ತಿದ್ದರು. ಗಂಡಿನ ಮನೆ ನೋಡುವುದರಲ್ಲಿ ಆಕೆಯ ಕಣ್ಣಿಗೆ ಸಮನಾದ ಕಣ್ಣು ಸವಣೂರು ಸೀಮೆಯಲ್ಲೇ ಇರಲಿಲ್ಲ. ಹಾಗಂತ ಆಕೆಯೇ ಹೇಳುತ್ತಿದ್ದಳು, ಅಲ್ಲಗಳೆಯುವ ಧೈರ್ಯ ಯಾರಿಗೂ ಇರಲಿಲ್ಲ.

ಉಳಿದವರು ಮನೆ ನೋಡಲು ಹೋದರೆ ಪಡಸಾಲೆಯಲ್ಲಿ ಜಮಖಾನೆಯ ಮೇಲೆ ಕೂತು, ಹೊಲ ಎಲ್ಲಿದೆ, ಎತ್ತು ಎಂಥವು ಎಂದು ವಿಚಾರಿಸಿ, ಅವಲಕ್ಕಿ ತಿಂದು ಬರುತ್ತಿದ್ದರು. ಮಹಾದೇವಕ್ಕ ಪಡಸಾಲೆಯಲ್ಲಿ ನಿಲ್ಲುತ್ತಲೇ ಇರಲಿಲ್ಲ. ಸೀದಾ ಹಿತ್ತಲಿಗೆ ನಡೆದುಬಿಡುತ್ತಿದ್ದಳು. ಅಲ್ಲಿ ಬಟ್ಟೆ ಒಗೆಯುತ್ತಲೋ ಮುಸುರೆ ತಿಕ್ಕುತ್ತಲೋ ಇರುವ ಸೊಸೆಯರ ಪಕ್ಕ ಕೂತು ಏನಾದರೂ ಹೇಳಿ ನಗಿಸುತ್ತಿದ್ದಳು. ನಗಿಸಿ, ಕಾಯುತ್ತಿದ್ದಳು. ಅತ್ತೆ ಹಿತ್ತಲ ಬಾಗಿಲಿಗೆ ಬಂದಾಗ ಆ ನಗು ಉಳಿಯುತ್ತದೋ ನಿಲ್ಲುತ್ತದೋ ಎಂಬುದಷ್ಟೇ ಆಕೆಗೆ ಬೇಕಾಗಿತ್ತು. ಮನಸ್ಸು ಒಪ್ಪುವವರೆಗೆ ಆ ಮನೆಯ ನೀರನ್ನೂ ಮುಟ್ಟುತ್ತಿರಲಿಲ್ಲ. ಒಪ್ಪಿತೋ, ತಾನಾಗಿಯೇ ಕೇಳಿ ಒಂದು ತಂಬಿಗೆ ನೀರು ಕುಡಿಯುತ್ತಿದ್ದಳು. ಹೀಗಾಗಿ ಆಕೆ ಊರಿಗೆ ಮರಳಿದಾಗ ಹುಡುಗಿಯ ಹೆತ್ತವರು ಬೇರೇನೂ ಕೇಳುತ್ತಿರಲಿಲ್ಲ. 'ನೀರು ಕುಡದ್ರೇನ್ರಿ?' ಎಂದಷ್ಟೇ ಕೇಳುತ್ತಿದ್ದರು.

ಈ ಹಟ ಆಕೆಗೆ ಸುಮ್ಮನೆ ಬಂದದ್ದಲ್ಲ. ಹಿರೇಕೆರೂರ ಕಡೆಯ ಹಳ್ಳಿಯಿಂದ ಆಕೆಯನ್ನು ಇಲ್ಲಿಗೆ ಕೊಡುವಾಗ ಮನೆ ನೋಡಲು ತವರಿನವರು ಯಾರೂ ಬಂದಿರಲಿಲ್ಲ. ದೂರದ ದಾರಿ, ಹೊಲದ ಕೆಲಸ, ನೋಡುವುದೇನಿದೆ ಎಂದು ಬಿಟ್ಟರು. ಗಂಡ ಶಂಕ್ರಪ್ಪ ಒಳ್ಳೆಯ ಮನುಷ್ಯನೇ. ಆದರೆ ಅತ್ತೆ ಇರುವ ತನಕ ಮಹಾದೇವಕ್ಕ ಆ ಮನೆಯಲ್ಲಿ ಗಟ್ಟಿಯಾಗಿ ಕೆಮ್ಮಿದವಳೂ ಅಲ್ಲ.

ಅರವತ್ತೊಂದನೆಯ ಇಸವಿಯಲ್ಲಿ ಆಕೆಯ ಮನೆಯಲ್ಲೇ ಮಾತು ಎದ್ದಿತು. ಮಗಳು ಮಾದೇವಿ ಸವಣೂರಿನಲ್ಲಿ ಸೋದರತ್ತೆಯ ಮನೆಯಲ್ಲಿದ್ದುಕೊಂಡು ಓದಿ, ಮ್ಯಾಟ್ರಿಕ್‌ನಲ್ಲಿ ಗಂಡುಹುಡುಗರನ್ನೆಲ್ಲ ಹಿಂದೆ ಹಾಕಿ ಪಾಸಾಗಿದ್ದಳು. ಧಾರವಾಡಕ್ಕೆ ಹೋಗಿ ಯುನಿವರ್ಸಿಟಿಯ ಕಾಲೇಜಿನಲ್ಲಿ ಓದಬೇಕೆಂದು ಕೂತಿದ್ದಳು. ಅದೇ ಹೊತ್ತಿಗೆ ಶಿಗ್ಗಾಂವಿಯ ಕಾಳಿನ ವ್ಯಾಪಾರಿ ಹೊಳಬಸಪ್ಪನವರು ತಮ್ಮ ಕಿರಿಮಗನಿಗೆ ಮಾದೇವಿಯನ್ನು ಕೇಳಿ ಕಳಿಸಿದರು. ಶಂಕ್ರಪ್ಪನ ಮನಸ್ಸು ಶಿಗ್ಗಾಂವಿಯ ಕಡೆಗೇ ವಾಲಿತ್ತು. ಮಗಳ ಕಣ್ಣೀರು ನೋಡಲಾಗದೆ ಕೊನೆಗೆ ಹೆಂಡತಿಗೆ ಹೇಳಿದ: 'ಊರ ಮಂದಿ ಮನಿ ಎಲ್ಲಾ ನೋಡ್ತೀ. ಎರಡೂ ಕಡೆ ಹೋಗಿ ಬಾ. ನೀ ಎಲ್ಲಿ ನೀರು ಕುಡೀತೀಯೋ ಅಲ್ಲೇ ನಮ್ಮ ಮಗಳು.'

ಮೊದಲು ಶಿಗ್ಗಾಂವಿ. ದೊಡ್ಡ ಮನೆ, ತುಂಬಿದ ಅಂಗಡಿ, ಮಾತಾಡಿಸುವ ಜನ. ಹಿತ್ತಲಲ್ಲಿ ಹಿರಿಸೊಸೆ ನಗುನಗುತ್ತಲೇ ಮಾತಾಡಿದಳು. ಒಳಗೆ ಅತ್ತೆಯ ಬಳೆ ಸದ್ದಾದದ್ದೇ ತಡ, ತಲೆ ಬಗ್ಗಿಸಿ ಕೊಡ ತಿಕ್ಕತೊಡಗಿದಳು. ಮಹಾದೇವಕ್ಕ 'ಇನ್ನೊಂದು ಮನಿ ನೋಡೂದೈತ್ರಿ' ಎಂದು ಕೈಮುಗಿದು ಎದ್ದು ಬಂದಳು.

ಮರುವಾರ ತಾಯಿ ಮಗಳು ರೊಟ್ಟಿಯ ಬುತ್ತಿ ಕಟ್ಟಿಕೊಂಡು ಯಲವಿಗಿಯಲ್ಲಿ ರೈಲು ಹತ್ತಿದರು. ದಾರಿಯುದ್ದಕ್ಕೂ ಮಾದೇವಿ ತಾಯಿಗೆ ಬುದ್ಧಿ ಹೇಳಿದ್ದೇ ಹೇಳಿದ್ದು.

'ಅವ್ವಾ, ಅಲ್ಲಿ ಬಾವಿ ಎಲ್ಲೈತಿ ಅಂತ ಕೇಳಬ್ಯಾಡ. ನಳ ಅದಾವಂತ.'

'ನಳ ಇದ್ರೂ ನೀರು ಎಲ್ಲಿಂದರ ಬರಬೇಕಲ್ಲ?' ಎಂದಳು ಮಹಾದೇವಕ್ಕ. ಮಾದೇವಿ ಕಿಟಕಿಯ ಕಡೆ ಮುಖ ತಿರುಗಿಸಿದಳು.

ಮಳೆ ಇನ್ನೂ ಹಿಡಿದಿರಲಿಲ್ಲ, ಧಾರವಾಡದ ಬಿಸಿಲು ಚುರುಗುಡುತ್ತಿತ್ತು. ಯುನಿವರ್ಸಿಟಿಯ ಬಾಗಿಲು ಕಾಯುವ ಸಿಪಾಯಿ ಹಸನಸಾಬ ಉತ್ಸಾಹದ ಮನುಷ್ಯ. ದೊಡ್ಡ ಕಟ್ಟಡ, ಪುಸ್ತಕ ತುಂಬಿದ ಕೋಣೆ ಎಲ್ಲ ತೋರಿಸುವೆನೆಂದು ಮುಂದೆ ನಡೆದ. ಮಾದೇವಿ ಬಾಯಿ ತೆರೆದು ನೋಡುತ್ತ ನಿಂತಳು. ಮಹಾದೇವಕ್ಕ ಮಾತ್ರ, 'ಹಿತ್ತಲ ಎಲ್ಲೈತ್ರಿ?' ಎಂದಳು.

'ಯುನಿವರ್ಸಿಟಿಗೆ ಹಿತ್ತಲ ಇರೂದಿಲ್ರವ್ವಾ.'

'ಹುಡಿಗ್ಯಾರು ಇರೋ ಕಡೆ ಇರತೈತಿ, ಅಲ್ಲಿಗೆ ಕರಕೊಂಡು ಹೋಗ್ರಿ.'

ಹೆಣ್ಣುಮಕ್ಕಳ ವಸತಿಗೃಹ ನೋಡಿಕೊಳ್ಳುವ ಹಿರಿಯ ಹೆಂಗಸನ್ನು ಎಲ್ಲರೂ ರೆಕ್ಟರ್ ಬಾಯಿ ಎನ್ನುತ್ತಿದ್ದರು. ಯಾರಿಗೆ ಜಾಗ ಕೊಡಬೇಕೆಂಬುದು ಅವರ ಕೈಯಲ್ಲಿತ್ತು. ಬಿಸಿಲಲ್ಲಿ ಬಂದವರೆಂದು ಅವರೇ ನೀರು ತರಿಸಿದರು. ಮಹಾದೇವಕ್ಕ 'ಈಗ ಬ್ಯಾಡ್ರಿ' ಎಂದಳು. ಚಹಾ ಬಂತು, ಅದಕ್ಕೂ 'ಬ್ಯಾಡ್ರಿ'. ಹಿತ್ತಲು ನೋಡುತ್ತೇನೆಂದಾಗ ಬಾಯಿಯವರು ಹುಬ್ಬು ಏರಿಸಿದರೂ ತಡೆಯಲಿಲ್ಲ.

ಹಿತ್ತಲಲ್ಲಿ ಹುಡುಗಿಯರು ಬಟ್ಟೆ ಒಗೆಯುತ್ತಿದ್ದರು. ಮಹಾದೇವಕ್ಕ ಕಲ್ಲಿನ ಪಕ್ಕ ಕೂತು, 'ಯವ್ವಾ, ಇಷ್ಟು ಸಬಕಾರ ಹಚ್ಚಿದ್ರ ಸೀರಿ ಉಳಿತೈತೋ, ಬರೇ ಬುರುಗ ಉಳಿತೈತೋ?' ಎಂದಳು. ಹುಡುಗಿಯರು ಗೊಳ್ಳೆಂದು ನಕ್ಕರು. ಅವರಲ್ಲೊಬ್ಬಳು ಸವಣೂರಿನ ಮುಮ್ತಾಜಬೇಗಂ. ತನ್ನೂರ ಕಡೆಯವರು ಬಂದರೆಂಬ ಹಿಗ್ಗಿನಲ್ಲಿ ಓಡಿಹೋಗಿ ತಂಬಿಗೆಯಲ್ಲಿ ನೀರು ತಂದು ಚಾಚಿದಳು. ಮಹಾದೇವಕ್ಕನ ಗಂಟಲು ಒಣಗಿ ಕಟ್ಟಿಗೆಯಾಗಿತ್ತು. ಆದರೂ ಕೈ ಅಡ್ಡ ಹಿಡಿದು, 'ಈಗ ಬ್ಯಾಡ ತಂಗಿ' ಎಂದಳು. ಹುಡುಗಿಯ ಮುಖ ಬಾಡಿತು.

ಬಾಗಿಲಲ್ಲಿ ರೆಕ್ಟರ್ ಬಾಯಿ ನಿಂತಿದ್ದರು.

'ನೀರು ಬ್ಯಾಡ, ಚಹಾ ಬ್ಯಾಡ, ಈಗ ಈ ಹುಡುಗಿ ಕೈಯಿಂದನೂ ಬ್ಯಾಡ. ನನಗ ತಿಳೀತ್ರಿ' ಎಂದರು, ದನಿ ಗಡುಸಾಗಿತ್ತು. 'ಇಲ್ಲೆ ಎಲ್ಲಾ ಜಾತಿ ಹುಡುಗಿಯರು ಒಂದ ಸಾಲಿನ್ಯಾಗ ಕೂತು ಉಣ್ತಾರ. ಅದು ನಿಮಗ ಒಗ್ಗದಿದ್ರ ನಿಮ್ಮ ಮಗಳಿಗೆ ಇಲ್ಲೆ ಜಾಗಾ ಇಲ್ಲ.'

ಮಾದೇವಿ ತಾಯಿಯ ಮುಖ ನೋಡಿದಳು. ಮಹಾದೇವಕ್ಕ ಎದ್ದು ನಿಂತಳು. ಜಾತಿಯ ವಿಚಾರ ಆಕೆಯ ತಲೆಯಲ್ಲಿ ಸುಳಿದೇ ಇರಲಿಲ್ಲ ಎಂದರೆ ಸುಳ್ಳಾದೀತು. ಸುಳಿದಿತ್ತು, ಆದರೆ ನೀರು ಬೇಡವೆಂದದ್ದು ಅದಕ್ಕಲ್ಲ. ತಂಬಿಗೆ ಕಸಿದುಕೊಂಡು ಎರಡು ಗುಟುಕು ಕುಡಿದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಕೈ ಮುಂದೆ ಹೋಗಲಿಲ್ಲ. ಹೆದರಿ ಕುಡಿದ ನೀರು ಒಪ್ಪಿಗೆಯ ನೀರಾಗುವುದು ಹೇಗೆ? ಊರವರ ಹೆಣ್ಣುಮಕ್ಕಳಿಗೆ ಇಷ್ಟು ವರ್ಷ ಮಾಡದ ಮೋಸವನ್ನು ಹೊಟ್ಟೆಯಲ್ಲಿ ಹುಟ್ಟಿದ ಮಗಳಿಗೆ ಮಾಡುವುದೇ?

ಅಷ್ಟರಲ್ಲಿ ಮುಮ್ತಾಜ ಮಾತಾಡಿದಳು.

'ಬಾಯಾರ, ನೀವು ತಪ್ಪು ಮಾಡಾಕತ್ತೀರಿ. ಬ್ಯಾಡ ಅಂದದ್ದು ನನಗ. ನಾನ ಅವರನ್ನ ಯಾಕ ಅಂತ ಕೇಳಿಲ್ಲ, ನೀವೂ ಕೇಳಿಲ್ಲ. ಮೊದಲು ಕೇಳ್ರಿ.'

ಮಹಾದೇವಕ್ಕ ಬಾಯಿಯವರ ಮುಖವನ್ನೇ ನೋಡಿದಳು. ಈಗ ಗದರುತ್ತಾರೆ, ಈಗ ಈ ಹುಡುಗಿ ತಲೆ ಬಗ್ಗಿಸುತ್ತಾಳೆ ಎಂದುಕೊಂಡಳು. ಹುಡುಗಿ ತಲೆ ಬಗ್ಗಿಸಲಿಲ್ಲ. ಉಳಿದ ಹುಡುಗಿಯರೂ ಕೈಯಲ್ಲಿದ್ದ ಬಟ್ಟೆ ಬಿಟ್ಟು ಬಾಯಿಯವರನ್ನೇ ನೋಡುತ್ತಿದ್ದರು, ಹೆದರಿದವರ ಹಾಗೆ ಯಾರೂ ಕಾಣಲಿಲ್ಲ. ಬಾಯಿಯವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡು, 'ಖರೇ ಅಂದಿ ಮುಮ್ತಾಜ, ಕೇಳಬೇಕಾಗಿತ್ತು' ಎಂದರು. ಆಮೇಲೆ ತಿರುಗಿ, 'ಹೇಳ್ರೆವ್ವಾ, ಯಾಕ ಬ್ಯಾಡ ಅಂದ್ರಿ?' ಎಂದು ಕೇಳಿದರು.

'ಮಗಳನ್ನ ಕೊಡಾಕ ಬಂದೇನ್ರಿ' ಎಂದಳು ಮಹಾದೇವಕ್ಕ. 'ಕೊಡೂ ಮನಿ ಮನಸ್ಸಿಗೆ ಬರೂತನಕ ಅಲ್ಲಿ ನೀರು ಮುಟ್ಟಂಗಿಲ್ಲ, ಅದು ನನ್ನ ಪದ್ಧತಿ. ಈಗಷ್ಟ ನೋಡಿ ಮುಗೀತ್ರಿ. ಹಿರೇರಿಗೆ ಎದರ ಮಾತಾಡಿದ ಹುಡುಗಿ ಮ್ಯಾಲೆ ಸಿಟ್ಟಾಗದ ಮನಿ ನಾ ಎಲ್ಲಿಯೂ ನೋಡಿಲ್ಲ. ಸವಣೂರಾಗೂ ಇಲ್ಲ, ಹಾನಗಲ್ಲಾಗೂ ಇಲ್ಲ.' ಮುಮ್ತಾಜಳ ಕಡೆ ಕೈ ಚಾಚಿದಳು. 'ತಾ ತಂಗಿ ಆ ನೀರು.'

ತಂಬಿಗೆ ಎತ್ತಿ ಗಟಗಟನೆ ಕುಡಿದಳು. ಸೆರಗಿನಿಂದ ಬಾಯಿ ಒರೆಸಿಕೊಂಡು, 'ಇನ್ನೊಂದು ತಾ' ಎಂದಳು. ಹುಡುಗಿಯರ ನಗು ಮತ್ತೆ ಎದ್ದಿತು, ಈ ಸಲ ಬಾಯಿಯವರೂ ನಕ್ಕರು. ಮಾದೇವಿ ಅಳುತ್ತಿದ್ದಳು. ಸೀರೆಯ ಅಂಚಿಗೆ ಕೆಂಪು ಧೂಳು ಮೆತ್ತಿಕೊಂಡು ಅಷ್ಟು ಜನರ ನಡುವೆ ನೆಟ್ಟಗೆ ನಿಂತ ತನ್ನ ಅವ್ವನನ್ನು ಮೊದಲ ಸಲ ಕಂಡವಳಂತೆ ನೋಡುತ್ತಿದ್ದಳು. ಮಹಾದೇವಕ್ಕನ ಎದೆಯೂ ಉಬ್ಬಿತ್ತು. ಈ ಮನೆಗೆ ಕೊಡುವಂಥ ಮಗಳನ್ನು ತಾನು ಹೆತ್ತಿದ್ದೇನಲ್ಲ ಎಂಬ ಹೆಮ್ಮೆ ಅದು.

ಸಂಜೆ ಯಲವಿಗಿ ಸ್ಟೇಷನ್ನಿನ ಹೊರಗೆ ಶಂಕ್ರಪ್ಪ ಚಕ್ಕಡಿ ಕಟ್ಟಿಕೊಂಡು ಕಾಯುತ್ತಿದ್ದ. ಹೆಂಡತಿಯ ಮುಖ ನೋಡಿದ, ಮಗಳ ಮುಖ ನೋಡಿದ.

'ನೀರು ಕುಡದ್ಯಾ?'

'ಎರಡು ತಂಬಿಗಿ.'

'ಎರಡು ಯಾಕ?'

'ಒಂದು ಇಕಿ ಸಲುವಾಗಿ' ಎಂದಳು ಮಹಾದೇವಕ್ಕ. 'ಇನ್ನೊಂದು ನನ್ನ ಸಲುವಾಗಿ. ನನ್ನ ಕೊಡೂಮುಂದ ಯಾರೂ ನೋಡಾಕ ಬಂದಿದ್ದಿಲ್ಲಲ್ಲ.'

ಶಂಕ್ರಪ್ಪ ಹೆಗಲ ಮೇಲಿನ ಕಂಬಳಿ ತೆಗೆದು ಮಡಚಿ, ಚಕ್ಕಡಿಯಲ್ಲಿ ಅವಳು ಕೂರುವಲ್ಲಿ ಹಾಸಿದ. ಊರ ಅಗಸಿಬಾಗಿಲ ಹತ್ತಿರ ಕಟ್ಟೆಯ ಮೇಲೆ ಕೂತಿದ್ದ ಮಂದಿ ಎದ್ದು ಬಂದು, 'ಏನಾತ್ರಿ ಯಕ್ಕಾ?' ಎಂದು ಕೇಳಿದರು. ಮಹಾದೇವಕ್ಕ ಬಾಯಿ ತೆರೆಯುವ ಮೊದಲೇ, ಎಂದೂ ದನಿ ಎತ್ತದ ಶಂಕ್ರಪ್ಪ ಎತ್ತಿನ ಹಗ್ಗ ಜಗ್ಗಿ ನಿಲ್ಲಿಸಿ ಊರಿಗೆಲ್ಲ ಕೇಳುವ ಹಾಗೆ ಕೂಗಿ ಹೇಳಿದ:

'ಧಾರವಾಡದಾಗ ನೀರು ಕುಡದು ಬಂದಾಳ್ರಪ್ಪೋ! ನನ್ನ ಮಗಳು ಯುನಿವರ್ಸಿಟಿಗೆ ಹೊಂಟಾಳ!'