ಬಾಳ್ಯಾ ಕೊಟ್ಟ ಎಡಗೈ

ಮೂರು ವಾರದ ಹಿಂದೆ, ಸೋಮವಾರ, ಬೆಳಿಗ್ಗೆ ಹನ್ನೊಂದೂವರೆ. ಮಿರಜದ ಒಂದು ಪ್ರಾಣಿ ದವಾಖಾನೆಯ ಒಳಕೋಣೆ. ಸ್ಟೀಲ್ ಮೇಜಿನ ತುದಿಯಲ್ಲಿ ನಿಂತು ನಾನು ಬಾಳ್ಯಾನ ಕಿವಿ ಸವರುತ್ತಿದ್ದೆ. ಎದುರಿಗೆ ನನ್ನ ಕಾಕಾ. ಅಲ್ಟ್ರಾಸೌಂಡ್ ಪರದೆ ಇಬ್ಬರಿಗೂ ಸರಿಯಾಗಿ ಕಾಣುತ್ತಿತ್ತು.

(ಇಷ್ಟು ಬಿಡಿಸಿ ಯಾಕೆ ಹೇಳುತ್ತಿದ್ದೇನೆ? ನಾನು ನೋಡಲಿಲ್ಲ ಎಂದು ಮುಂದೆ ನನಗೆ ನಾನೇ ಹೇಳಿಕೊಳ್ಳಬಾರದು.)

ಬಾಳ್ಯಾ ಸಾಂಗ್ಲಿಯ ನಮ್ಮ ಅರಿಶಿನ ಅಂಗಡಿಯ ನಾಯಿ. ಗಿರಾಕಿ ಮೆಟ್ಟಿಲೇರಿದರೆ ಮುಂಗಾಲು ಎತ್ತಿ ಶೇಕ್‌ಹ್ಯಾಂಡ್ ಕೊಡುತ್ತಿತ್ತು. ಅದೂ ಬಲಗಾಲೇ. ಬೋಣಿಯ ಹೊತ್ತಿನಲ್ಲಿ ಮೊದಲ ಗಿರಾಕಿಯ ಮುಂದೆ ಎಡಗೈ ಚಾಚಬಾರದು ಎಂಬುದು ಕಾಕಾ ನಡೆಸಿಕೊಂಡು ಬಂದ ಪದ್ಧತಿ. ಚೀಟಿ, ಚಹಾ, ಎಲ್ಲ ಬಲಗೈಯಲ್ಲೇ. ನಾಯಿಗೆ ಬೇರೆ ನಿಯಮ ಇರುತ್ತದೆಯೇ?

ನಮ್ಮ ಜೊತೆ ಮಾಲಗಾಂವದ ದ್ರಾಕ್ಷಿ ತೋಟಕ್ಕೆ ಹೋಗಿ, ಅಲ್ಲಿನ ಜಾಲಿಮುಳ್ಳಿನ ಬೇಲಿ ನುಸುಳಿ ಬಂದ ಮರುದಿನ ಅದು ಎಡಗಾಲು ಕೊಟ್ಟಿತು. ಕಾಕಾ ಆ ಕಾಲಿನ ಮೇಲೆ ಪಟ್ಟನೆ ಹೊಡೆದರು.

“ಎಡಗೈ ಕೊಡ್ತೀ ಏನಲೇ? ಬೋಣಿ ಕೆಡಸ್ತೀ? ಉಜವಾ ಕೊಡು, ಉಜವಾ!” (ಉಜವಾ ಎಂದರೆ ಬಲ. ನಾಯಿಗೆ ಮರಾಠಿ ಬೇಗ ತಿಳಿಯುತ್ತದೆ ಎಂದು ಕಾಕಾರ ನಂಬಿಕೆ.)

ಬಾಳ್ಯಾ ಎಡಗಾಲು ಇಳಿಸಿ ಬಲಗಾಲು ಕೊಟ್ಟಿತು.

ಎಂಟು ದಿನ ಇದೇ ನಡೆಯಿತು. ಅದು ಎಡಗಾಲು ಕೊಡುವುದು, ನಾವು ತಿದ್ದುವುದು.

“ನಾಯಿ ಎಡಚ ಆತೇನ್ರಿ, ಶೇಠ್?” ಎಂದು ಒಬ್ಬ ಗಿರಾಕಿ ನಕ್ಕ. ನಾನೂ ನಕ್ಕೆ.

ಕುಂಟತೊಡಗಿದಾಗ ಎಕ್ಸ್‌ರೇ ತೆಗೆಸಿದೆವು. ಮೂಳೆ ನೆಟ್ಟಗಿತ್ತು. “ನಾಟಕ ಮಾಡಾಕತ್ತೈತಿ” ಎಂದರು ಕಾಕಾ. ಆಮೇಲೆ ಬಾಳ್ಯಾ ಊಟ ಬಿಟ್ಟಿತು. ಆಗಲೇ ಮಿರಜಕ್ಕೆ ಓಡಿದ್ದು.

ಡಾಕ್ಟರ್ ಬಲ ಮುಂಗಾಲಿನ ಮಣಿಕಟ್ಟಿನ ಕೂದಲು ಬೋಳಿಸಿ, ಜೆಲ್ ಹಚ್ಚಿ, ಯಂತ್ರದ ಹಿಡಿಯನ್ನು ಮೆಲ್ಲಗೆ ಆಡಿಸಿದರು.

“ಇಲ್ಲಿ ನೋಡ್ರಿ, ಕಾಕಾ. ಈ ಕರೀದು ಕೀಲಿನಾಗಿನ ಕೀವು. ಅದರಾಗ ಬೆಳ್ಳನ ಗೆರಿ ಐತೆಲ್ರಿ? ಅದು ಮುಳ್ಳು. ಎಕ್ಸ್‌ರೇದಾಗ ಮುಳ್ಳು ಕಾಣೂದಿಲ್ಲ.”

“ಭಾಳ ನೋವಿತ್ತೇನ್ರಿ?” ಎಂದು ಕಾಕಾ ಕೇಳಿದರು.

“ಮುಟ್ಟಿದ್ರ ಜೀವಾ ಹೋಗೂವಂಥಾ ನೋವು. ನಿಮಗ ಏನೂ ತೋರಿಸಲಿಲ್ಲೇನ್ರಿ ಇದು?”

ನೋವಿರುವ ಜೀವ ಇನ್ನು ಹೇಗೆ ತೋರಿಸಬೇಕಿತ್ತು?

ಸವರಲೆಂದು ಕಾಕಾ ಕೈ ಚಾಚಿದರು. ಬಾಳ್ಯಾ ಮಲಗಿದಲ್ಲೇ ಆ ಕೈ ನೋಡಿತು. ಜೆಲ್ ಮೆತ್ತಿದ, ಬೋಳಾದ ಬಲಗಾಲನ್ನು ನಡುಗುತ್ತ ಎತ್ತಿ ಅದರಲ್ಲಿಟ್ಟಿತು.

“ಬ್ಯಾಡೋ, ಅದು ಬ್ಯಾಡ,” ಎಂದರು ಕಾಕಾ.

ಮುಳ್ಳೇನೋ ಹೊರಬಂತು. ಆದರೆ ಸೋಂಕು ಅಷ್ಟರಲ್ಲಿ ರಕ್ತಕ್ಕೆ ಸೇರಿತ್ತು. ಗುರುವಾರ ಮಧ್ಯಾಹ್ನ ಬಾಳ್ಯಾ ಹೋಯಿತು.

ಎಂಟು ದಿನ ಅದು ಎಡಗೈ ಕೊಟ್ಟಿದ್ದನ್ನು ಪ್ರತಿದಿನವೂ ಕಣ್ಣಾರೆ ಕಂಡವರು ಕಾಕಾ ಮತ್ತು ನಾನು; ಸಾಕ್ಷಿ ಹೇಳಲು ಇಬ್ಬರೂ ಬದುಕಿದ್ದೇವೆ.